ಮುಳ್ಳು ನಡುವೆ ನಿಂತಿದೆ ಅಂತ ನಂಬಬೇಡಿ: ಹಳೇ ಗಾಡಿಗೆ ಟೆಂಪರೇಚರ್ ಮೀಟರ್ ಹಾಕಿಸುವವರಿಗೆ

ಬೆಳಗಾವಿಯಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಇದನ್ನು ದಯವಿಟ್ಟು ಪೂರ್ತಿ ಓದಿ. ಬರೆಯಲೋ ಬೇಡವೋ ಅಂತ ಹದಿನೈದು ದಿನ ಒದ್ದಾಡಿದೆ. ನಾಚಿಕೆ ಆಗುತ್ತಿತ್ತು. ಆದರೆ ಮೊನ್ನೆ, ಟೆಂಪರೇಚರ್ ಮೀಟರ್ ಹಾಕಿಸಲು ಹೋಗಿ ನಾನು ಮೋಸ ಹೋದ ಗ್ಯಾರೇಜ್ ಮುಂದೆ ಒಂದು ಹಳೇ ಫಿಯಟ್ ನಿಂತಿತ್ತು, ಡ್ಯಾಶ್‌ಬೋರ್ಡ್ ಬಿಚ್ಚಿತ್ತು. ಅದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಮ್ಮದು 1972ರ ಅಂಬಾಸಿಡರ್, ಮಾರ್ಕ್ 2. ಅಪ್ಪನ ಗಾಡಿ. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು ಅಂತ 2021ರಲ್ಲಿ ಕೇಂದ್ರದ ನಿಯಮ ಬಂತಲ್ಲ, ಅದಕ್ಕೆ ಹಾಕೋಣ ಅಂತ ಒಂದೊಂದೇ ಕೆಲಸ ಮಾಡಿಸುತ್ತಿದ್ದೆ. ಉಳಿದದ್ದು ಎಂಜಿನ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಟೆಂಪರೇಚರ್ ಮೀಟರ್ ಒಂದೇ. ಅದರ ಮುಳ್ಳು ನಡುವೆ ಇದ್ದರೆ ಎಲ್ಲ ಸರಿ ಅಂತ ಲೆಕ್ಕ.

ಹಳೇ ಮೀಟರ್ ಅಪ್ಪನೇ ಹಾಕಿಸಿದ್ದು. ವೈರ್ ಇಲ್ಲದ್ದು. ಎಂಜಿನ್ ಹೆಡ್‌ನಲ್ಲಿ, ಅಂದರೆ ಎಂಜಿನ್‌ನ ಮೇಲ್ಭಾಗದಲ್ಲಿ, ಒಂದು ಬಲ್ಬ್ (ದೀಪದ್ದಲ್ಲ, ಸಣ್ಣ ಲೋಹದ ಬುರುಡೆ), ಅಲ್ಲಿಂದ ಡ್ಯಾಶ್‌ಬೋರ್ಡ್‌ವರೆಗೆ ದಾರದಷ್ಟು ಸಣ್ಣ ತಾಮ್ರದ ಪೈಪ್, ಒಳಗೆ ಈಥರ್ ಅನ್ನುವ ಬೇಗ ಆವಿಯಾಗುವ ದ್ರವ. ನೀರು ಬಿಸಿಯಾದಂತೆ ಒಳಗಿನ ಒತ್ತಡ ಏರಿ ಮುಳ್ಳು ತಿರುಗುತ್ತದೆ. ಆ ಪೈಪ್ ಒಂದು ಕಡೆ ಮುರಿದರೂ ಮೀಟರ್ ಸತ್ತ ಹಾಗೆ. ನಮ್ಮದು ವರ್ಷದಿಂದ ಅಲುಗುತ್ತಿರಲಿಲ್ಲ. ಇಂಥ ಮೀಟರನ್ನೂ ಹೊಸ ಬಲ್ಬ್ ಬೆಸೆದು, ಈಥರ್ ತುಂಬಿ ರಿಪೇರಿ ಮಾಡುವವರು ಇದ್ದಾರೆ. ಅದು ನನಗೆ ಆಮೇಲೆ ಗೊತ್ತಾಯಿತು.

ಗ್ಯಾರೇಜಿನ ಮಿಸ್ತ್ರಿ ನೋಡಿದ ತಕ್ಷಣ ಹೇಳಿದ, "ಇದು ಮುಗೀತ್ರಿ ಸರ್, ಕರೆಂಟಿನ್ದು ಹಾಕೂಣು. ಒರಿಜಿನಲ್ ಮಾಲ್ ಐತಿ ನನ್ ಕಡೆ." ಮೀಟರ್ 3,800, ಸೆನ್ಸರ್ (ಎಂಜಿನ್ ಬಿಸಿಯನ್ನು ವೈರ್ ಮೂಲಕ ಮೀಟರಿಗೆ ಹೇಳುವ ಸಾಮಾನು) 1,200, ಮಜೂರಿ 1,500. ಒಟ್ಟು 6,500 ರೂಪಾಯಿ. ಬಿಲ್ ಕೇಳಲಿಲ್ಲ. ಪರಿಚಯದವರು ಹೇಳಿದ ಗ್ಯಾರೇಜ್ ಅಂತ ಸಂಕೋಚ.

ಮೊದಲ ದಿನ ಮುಳ್ಳು ಏಳಲೇ ಇಲ್ಲ. ಮರುದಿನ ತಿರುಗಿ ಒಯ್ದೆ. ಬಾನೆಟ್ ಎತ್ತಿದ, ಹತ್ತು ನಿಮಿಷ ಏನೇನೋ ತಡಕಾಡಿದ. ಆಮೇಲೆ, "ಅಲ್ಲಿ ಚಹಾ ಚಲೋ ಮಾಡ್ತಾರ್ರೀ, ಕುಡದು ಬರ್ರಿ ಸರ್" ಅಂದ. ಹೋದೆ! ಅರ್ಧ ಗಂಟೆ ಬಿಟ್ಟು ಬಂದರೆ ಗಾಡಿ ಚಾಲೂ ಇತ್ತು, ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. "ನೋಡ್ರಿ, ಹೆಂಗ ಕುಂತೈತಿ" ಅಂದ. ನನಗೆ ಎಷ್ಟು ಖುಷಿ ಆಯಿತು ಅಂದರೆ, ಮೇಲೆ 200 ರೂಪಾಯಿ ಹುಡುಗರಿಗೆ ಅಂತ ಕೊಟ್ಟೆ. ಈ 200 ನೆನಪಾದಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ. 6,500ಕ್ಕಿಂತ ಜಾಸ್ತಿ ಉರಿಯುತ್ತದೆ.

ಮೂರು ವಾರ ಮುಳ್ಳು ನಡುವೆಯೇ. ನಾನು ನಿಶ್ಚಿಂತ.

ಏಪ್ರಿಲ್ ಕೊನೆಗೆ ಅವ್ವನನ್ನು ಕರೆದುಕೊಂಡು ನಿಪ್ಪಾಣಿಗೆ ಮದುವೆಗೆ ಹೋಗಿದ್ದೆ. ವಾಪಸ್ ಬರುವಾಗ ಮಧ್ಯಾಹ್ನ ಎರಡೂವರೆ, ಬಿಸಿಲು ಕಣ್ಣು ಬಿಡಲು ಆಗದಷ್ಟು. ತವಂದಿ ಘಾಟ್ ಏರುತ್ತಿದ್ದೆ. ಹಿಂದಿನ ಸೀಟಿನಿಂದ ಅವ್ವ, "ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ" ಅಂದಳು. ನಾನು ಮೀಟರ್ ನೋಡಿದೆ. "ಇಲ್ಲ ಬೇ, ಮುಳ್ಳು ನಡುವನ ಐತಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು. ನಾನು ಮತ್ತೆ ಅದೇ ಅಂದೆ. ಗಾಡಿ ಎಳೆಯುವುದು ಕಡಿಮೆ ಆಯಿತು, ಒಳಗಿಂದ ಟಕಟಕ ಸದ್ದು, ಆಮೇಲೆ ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ. ಮುಳ್ಳು ಆಗಲೂ ನಡುವೆಯೇ! ಮೀಟರ್ ಇಲ್ಲದೇ ಇದ್ದಿದ್ದರೆ ಅವ್ವನ ಮಾತಿಗೆ ಅಲ್ಲೇ ನಿಲ್ಲಿಸುತ್ತಿದ್ದೆ, ಇಷ್ಟು ಹಾಳಾಗುತ್ತಿರಲಿಲ್ಲ. ಎಪ್ಪತ್ತೆರಡು ವರ್ಷದ ಅವ್ವ ರೇಷ್ಮೆ ಸೀರೆ ಉಟ್ಟುಕೊಂಡು ಒಂದೂವರೆ ತಾಸು ರಸ್ತೆ ಪಕ್ಕ ಕುಳಿತಳು. ಒಬ್ಬ ಲಾರಿ ಡ್ರೈವರ್ ಅಣ್ಣ ಕ್ಯಾನ್ ನೀರು ಕೊಟ್ಟ, ಬಿಸಿ ಇಳಿಯುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬೇಡ ಅಂತ ತಡೆದ. ಅವನಿಗೆ ಪುಣ್ಯ ಬರಲಿ. ಗಾಡಿಯನ್ನು ಎಳೆಸಿಕೊಂಡೇ ಬಂದೆವು.

ಮರುದಿನ ಬೆಳಗ್ಗೆ ಆರಕ್ಕೆ ಸುಮ್ನೆ ಗಾಡಿಯಲ್ಲಿ ಕುಳಿತು ಚಾವಿ ತಿರುಗಿಸಿದೆ. ಎಂಜಿನ್ ಚಾಲೂ ಮಾಡಲಿಲ್ಲ, ಬರೀ ಚಾವಿ. ಎಂಜಿನ್ ತಣ್ಣಗಿತ್ತು. ಮುಳ್ಳು ನಿಧಾನಕ್ಕೆ ಎದ್ದು ಬಂದು ನಡುವೆ ನಿಂತಿತು.

ಕೈಕಾಲು ತಣ್ಣಗಾದವು. ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ಸೆನ್ಸರಿನಿಂದ ಬಂದ ವೈರ್ ಮೀಟರಿಗೆ ಹತ್ತಿರಲೇ ಇಲ್ಲ. ತುದಿಗೆ ಕಪ್ಪು ಟೇಪ್ ಸುತ್ತಿ ಉಳಿದ ವೈರ್‌ಗಳ ಹಿಂದೆ ಸಿಗಿಸಿದ್ದ. ಅದರ ಜಾಗದಲ್ಲಿ ಒಂದು ರೆಸಿಸ್ಟರ್. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುತ್ತದಲ್ಲ, ಬಣ್ಣದ ಪಟ್ಟಿ ಇರುವ ಬೆರಳುಗುರಿನಷ್ಟು ಸಾಮಾನು, ಅದು. ಒಂದು ಕಾಲು ಮೀಟರಿಗೆ, ಇನ್ನೊಂದು ಕಾಲು ಬಾಡಿಯ ಸ್ಕ್ರೂಗೆ. ಸೆನ್ಸರಿನ ರೆಸಿಸ್ಟೆನ್ಸ್ ಬಿಸಿಗೆ ತಕ್ಕಂತೆ ಬದಲಾಗುತ್ತದೆ, ಇದರದ್ದು ಬದಲಾಗುವುದೇ ಇಲ್ಲ. ಹಾಗಾಗಿ ಎಂಜಿನ್ ಬೆಂದು ಹೋದರೂ ಆ ಮುಳ್ಳು ನಡುವೆಯೇ ಇರುತ್ತದೆ. ನಾನು ಚಹಾ ಕುಡಿಯುವಾಗ ಮಾಡಿದ ಕೆಲಸ ಇದು.

ಸೆನ್ಸರ್ ಬಿಚ್ಚಿದರೆ ಥ್ರೆಡ್‌ಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದ್ದ. ಒಂದೇ ವೈರಿನ ಸೆನ್ಸರಿಗೆ ಅರ್ಥ್ (ಕರೆಂಟ್ ಬಾಡಿಗೆ ವಾಪಸ್ ಹೋಗುವ ದಾರಿ) ಸಿಗುವುದೇ ಥ್ರೆಡ್‌ನಿಂದ, ಟೇಪ್ ಅದನ್ನೇ ತಡೆಯುತ್ತದೆ. ಮೇಲಾಗಿ ಆ ಸೆನ್ಸರ್ ಆ ಮೀಟರಿನ ಜೋಡಿಯೇ ಅಲ್ಲವಂತೆ, ಬೇರೆ ಯಾವುದೋ ಗಾಡಿಯದು. ಸರಿ ಹೊಂದಲಿಲ್ಲ ಅಂತ ಹೇಳಿದ್ದರೆ ನಾನೇನು ಜಗಳ ಆಡುತ್ತಿದ್ದೆನಾ?

ಫೋನ್ ಮಾಡಿದೆ. "ಘಾಟ್‌ನ್ಯಾಗ ಹಳೇ ಗಾಡಿ ಬಿಸಿ ಆಗೂದ ಸರ್" ಅಂದ. ರೆಸಿಸ್ಟರ್ ವಿಷಯ ತೆಗೆದೆ. ಸ್ವಲ್ಪ ಸುಮ್ಮನಿದ್ದು, "ಮುಳ್ಳು ಏಳವಲ್ದು ಅಂತ ನೀವ ಹೇಳಿದ್ರಿ. ಎಬ್ಬಿಸಿ ಕೊಟ್ಟೀನಿ" ಅಂದ. ಇದೇ ಮಾತು. ನನಗೆ ಬಾಯಿಯಿಂದ ಶಬ್ದ ಹೊರಡಲಿಲ್ಲ. ಗ್ಯಾರೇಜಿಗೆ ಹೋದರೆ ನಾಲ್ಕು ಜನರ ಮುಂದೆ, "ಬಿಲ್ ತೋರಿಸ್ರಿ" ಅಂದ. ಬಿಲ್ ಕೊಟ್ಟಿದ್ದರೆ ತಾನೇ ತೋರಿಸುವುದು! ಕೊನೆಗೆ 500 ರೂಪಾಯಿ ಟೇಬಲ್ ಮೇಲೆ ಇಟ್ಟು, "ಹಿಡೀರಿ, ಭಾಳ ಮಾತು ಬ್ಯಾಡ" ಅಂದ. ನಾನು ಮುಟ್ಟಲಿಲ್ಲ.

ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ನಡುವಿನ ಪಟ್ಟಿ) ಹೋಗಿತ್ತು, ಹೆಡ್ ಬಾಗಿತ್ತು. ಉದ್ಯಮಬಾಗದ ಕೈಗಾರಿಕಾ ಪ್ರದೇಶದಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಹೆಡ್ ಸಮ ಮಾಡಿಸಿ, ಗ್ಯಾಸ್ಕೆಟ್, ಹೋಸ್, ಮಜೂರಿ ಎಲ್ಲ ಸೇರಿ 14,000 ದಾಟಿತು.

ನೀವು ಹಾಕಿಸಿದರೆ ಇಷ್ಟು ಮಾಡಿ. ತಣ್ಣಗಿರುವ ಎಂಜಿನ್‌ಗೆ ಬರೀ ಚಾವಿ ತಿರುಗಿಸಿ ನೋಡಿ, ಮುಳ್ಳು ಕೆಳಗೇ ಇರಬೇಕು. ಎಂಜಿನ್ ಬಿಸಿಯಾದ ಮೇಲೆ ಸೆನ್ಸರಿನ ವೈರ್ ಕಿತ್ತರೆ ಮುಳ್ಳು ಕೆಳಗೆ ಬೀಳಬೇಕು, ಬೀಳದಿದ್ದರೆ ಮೋಸ. ಮೀಟರ್ ಮತ್ತು ಸೆನ್ಸರ್ ಜೋಡಿಯಾಗಿಯೇ ಕೊಳ್ಳಿ. ಬಿಲ್ ತೆಗೆದುಕೊಳ್ಳಿ. ಚಹಾಕ್ಕೆ ಹೋಗಬೇಡಿ, ಅಲ್ಲೇ ನಿಂತಿರಿ.

ಇನ್ನೊಂದು ಮಾತು. ಅಪ್ಪನ ಹಳೇ ಮೀಟರ್ ಆ ಮಿಸ್ತ್ರಿ ಹತ್ತಿರವೇ ಉಳಿಯಿತು. ಕೇಳಿದರೆ ಗುಜರಿಗೆ ಹೋಯಿತು ಅಂತಾನೆ, ನನಗೆ ನಂಬಿಕೆ ಇಲ್ಲ. ಅದರ ಗಾಜಿನ ಮೇಲೆ 90 ಡಿಗ್ರಿಯ ಎದುರಿಗೆ ಅಪ್ಪ ನನ್ನ ತಂಗಿಯ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದರು. ಮುಳ್ಳು ಅದನ್ನು ದಾಟಿದರೆ ಗಾಡಿ ನಿಲ್ಲಿಸು ಅಂತ ನನಗೆ ಡ್ರೈವಿಂಗ್ ಕಲಿಸುವಾಗ ಹೇಳಿದ್ದರು. ಗುಜರಿಯಲ್ಲೋ, ಯಾರದಾದರೂ ಗಾಡಿಯಲ್ಲೋ ಆ ಕೆಂಪು ಗೆರೆಯ ಮೀಟರ್ ಕಂಡರೆ ದಯವಿಟ್ಟು ನನಗೆ ತಿಳಿಸಿ. ಕೇಳಿದಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ.