ಐದಕ್ಷರದ ಇಂಗ್ಲಿಷ್ ಪದ ಹುಡುಕುವ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ಸೋತು ಸೋತು ಸಾಕಾಗಿ ಹಾಕಿಕೊಂಡ ಆ್ಯಪ್ ಇದು. ಕಾರವಾರದಲ್ಲಿ ಓದುತ್ತಿರುವ ಅಣ್ಣನ ಮಗಳು ದಿನವೂ ಬೆಳಗ್ಗೆ ವರ್ಡಲ್ ಆಡಿ, ಹಸಿರು, ಹಳದಿ, ಬೂದು ಚೌಕಗಳನ್ನು ಮೊಬೈಲಿಗೆ ಕಳಿಸುತ್ತಿದ್ದಳು. ಬಚ್ಚಿಟ್ಟ ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಾಲಿನೊಳಗೆ, ಸಾಲಿಗೊಂದು ಪದದಂತೆ ಊಹಿಸುವ ಆಟ ಅದು. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯದಾದರೆ ಹಳದಿ, ಇಲ್ಲದಿದ್ದರೆ ಬೂದು. ಅವಳಿಗೆ ಮೂರೋ ನಾಲ್ಕೋ ಸಾಲಿನಲ್ಲಿ ಮುಗಿಯುವ ಆಟ ಶಿರಸಿಯಲ್ಲಿ ಕುಳಿತ ನನಗೆ ಆರು ಸಾಲು ತುಂಬಿದರೂ ಮುಗಿಯುತ್ತಿರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ನಾನು ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್ ಕಲಿತವಳು. ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಂಡು ಬಾಯಿಪಾಠ ಮಾಡಿದವರಿಗೆ ಪದ ಗೊತ್ತಿರುತ್ತದೆ, ಅದರೊಳಗೆ ಎಷ್ಟು ಅಕ್ಷರ ಎಂಬುದು ಗೊತ್ತಿರುವುದಿಲ್ಲ. ಲೈಟ್ ಎಂದರೆ ನಮ್ಮ ಲೆಕ್ಕದಲ್ಲಿ ಎರಡು. ಇಂಗ್ಲಿಷಿನಲ್ಲಿ ಐದು, ಜಿ ಮತ್ತು ಎಚ್ ತುಟಿ ಬಿಚ್ಚದೆ ನಡುವೆ ಕುಳಿತಿರುತ್ತವೆ. ಶಿರಸಿ ನಮಗೆ ಮೂರು, ಅಲ್ಲಿ ಸರಿಯಾಗಿ ಐದು. ಆಸೆಯಿಂದ ಹಾಕಿ ನೋಡಿದೆ. ಊರ ಹೆಸರುಗಳಿಗೆ ಆಟದಲ್ಲಿ ಜಾಗವಿಲ್ಲ.

ಆ್ಯಪ್ ಮಾಡುವ ಕೆಲಸ ಇಷ್ಟೇ. ಪದದ ಉದ್ದ ಹೇಳಬೇಕು, ಇರುವ ಅಕ್ಷರ, ಇಲ್ಲದ ಅಕ್ಷರ, ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂಬುದನ್ನು ತುಂಬಬೇಕು. ಹೊಂದುವ ಪದಗಳೆಲ್ಲ ಪಟ್ಟಿಯಾಗಿ ಬೀಳುತ್ತವೆ. ಪದಕೋಶ ಮೊಬೈಲಿನೊಳಗೇ ಇರುವುದರಿಂದ ಇಂಟರ್ನೆಟ್ ಬೇಕಿಲ್ಲ. ಕುಮಟೆಯ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ನನ್ನ ಮೊಬೈಲಿನಲ್ಲಿ ಸಿಗ್ನಲ್ ಹೋದರೂ ಇದು ನಿಂತಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದಾಗಲೂ ಬ್ಯಾಟರಿ ಇರುವಷ್ಟು ಹೊತ್ತು ಕೈಕೊಟ್ಟಿಲ್ಲ.

ಇದರ ಬೆಲೆ ನನಗೆ ತಿಳಿದದ್ದು ಒಂದು ಭಾನುವಾರ. ಕೊನೆಯ ನಾಲ್ಕು ಮನೆ ಹಸಿರಾಗಿದ್ದವು: ಐ, ಜಿ, ಎಚ್, ಟಿ. ಗೆದ್ದೆ ಎಂದುಕೊಂಡೆ. ಲೈಟ್ ಹಾಕಿದೆ, ಅಲ್ಲ. ನೈಟ್ ಅಲ್ಲ, ರೈಟ್ ಅಲ್ಲ, ಸೈಟ್ ಅಲ್ಲ. ಸಾಲುಗಳು ಮುಗಿದವು. ಆ್ಯಪ್ ತೆರೆದು ನೋಡಿದರೆ ಫೈಟ್, ಮೈಟ್, ಟೈಟ್, ಎಂಟು ಎಂಬರ್ಥದ ಎಯ್ಟ್ ಇನ್ನೂ ಸಾಲುಗಟ್ಟಿ ನಿಂತಿದ್ದವು. ಕೊನೆಯಲ್ಲಿ ಬೈಟ್ ಎಂಬುದೊಂದು. ಕಚ್ಚುವುದಲ್ಲ, ಕಡಲತೀರ ಒಳಕ್ಕೆ ಬಾಗಿದ ಜಾಗ. ಕಾರವಾರದ ಸಮುದ್ರದ ದಂಡೆಯಲ್ಲಿ ಎಷ್ಟೋ ಸಂಜೆ ನಡೆದಿದ್ದೇನೆ, ಆ ಬಾಗಿಗೆ ಇಂಗ್ಲಿಷಿನಲ್ಲಿ ಇಂಥ ಪದವಿದೆ ಎಂದು ಅಂದೇ ತಿಳಿದದ್ದು. ಇಂಥ ಬಲೆಯಲ್ಲಿ ಸಿಕ್ಕಿದಾಗ ಒಂದೊಂದನ್ನೇ ಊಹಿಸುತ್ತಾ ಹೋಗಬಾರದು. ಸಾಲು ಒಂದು ಹೋದರೂ ಚಿಂತೆಯಿಲ್ಲ, ಫಿಲ್ಮ್ಸ್ ಎಂದು ಹಾಕಿದರೆ ಎಫ್, ಎಲ್, ಎಂ, ಎಸ್ ನಾಲ್ಕರ ಜಾತಕವೂ ಒಮ್ಮೆಗೇ ಹೊರಬೀಳುತ್ತದೆ. ಈ ಉಪಾಯವನ್ನು ಆ್ಯಪ್ ಹೇಳಿಕೊಡಲಿಲ್ಲ. ಪಟ್ಟಿ ಕಣ್ಣೆದುರು ಇದ್ದುದರಿಂದ ಹೊಳೆಯಿತು. (ಆಟದ ಕಠಿಣ ವಿಧಾನದಲ್ಲಿ ಇದು ನಡೆಯುವುದಿಲ್ಲ; ಅಲ್ಲಿ ಸಿಕ್ಕ ಅಕ್ಷರಗಳನ್ನು ಬಳಸಲೇಬೇಕು.)

ದೂರುಗಳೂ ಇವೆ. ಮೊದಲನೆಯದು, ಒಂದೇ ಅಕ್ಷರ ಎರಡು ಬಾರಿ ಬರುತ್ತದೆ ಎಂದು ತುಂಬಿದರೆ ಇದಕ್ಕೆ ಅರ್ಥವಾಗುವುದಿಲ್ಲ. ಎಂ, ಎಂ ಎಂದು ಕೊಟ್ಟರೂ ಒಂದೇ ಎಂ ಇರುವ ಪದಗಳನ್ನೆಲ್ಲ ಸುರಿಯುತ್ತದೆ. ಮೂರು ಎಂ ಇರುವ ಮಮ್ಮಿಯನ್ನು ಆ ರಾಶಿಯಲ್ಲಿ ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ತಯಾರಕರಿಗೆ ಎರಡು ಬಾರಿ ಬರೆದೆ. ಧನ್ಯವಾದ ಹೇಳಿದರು, ದೋಷ ಹಾಗೆಯೇ ಇದೆ.

ಇದಕ್ಕಿಂತ ದೊಡ್ಡದು, ದಿನಬಳಕೆಯ ಪದವನ್ನೂ ಯಾರೂ ಆಡದ ಪದವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು. ವರ್ಡಲ್‌ನ ಮೂಲ ಆವೃತ್ತಿಯಲ್ಲಿ ಉತ್ತರವಾಗಬಲ್ಲ ಪದಗಳು ಸುಮಾರು 2,300. ಊಹೆಯಾಗಿ ಒಪ್ಪುತ್ತಿದ್ದ ಪದಗಳು 12,000ಕ್ಕೂ ಹೆಚ್ಚು. ಈ ಭೇದ ತೋರಿಸದ ಪಟ್ಟಿಯಿಂದ ಮೊದಮೊದಲು ನಾನು ಎತ್ತಿಕೊಂಡದ್ದೆಲ್ಲ ಹೊಟ್ಟು. ನಮ್ಮ ಶಾಲೆಯ ಕಾಗುಣಿತ ಬ್ರಿಟಿಷರದು, ಆಟದ್ದು ಅಮೆರಿಕದ್ದು ಎಂಬುದನ್ನೂ ಇದು ಎಲ್ಲಿಯೂ ಹೇಳುವುದಿಲ್ಲ. ಹ್ಯೂಮರ್ ನಮಗೆ ಆರಕ್ಷರ, ಅಲ್ಲಿ ಯು ಬಿಟ್ಟು ಐದು.

ಜಾಹೀರಾತಿನ ಕಾಟ ವಿಪರೀತವಾಗಿತ್ತು. 199 ರೂಪಾಯಿ ಕೊಟ್ಟು ತೆಗೆಸಿದೆ, ಮತ್ತೆ ಬಂದಿಲ್ಲ.

ಪದಸಂಪತ್ತು ಬೆಳೆಯುತ್ತದೆ ಎಂಬ ತಯಾರಕರ ಮಾತನ್ನು ಮಾತ್ರ ನಂಬಬೇಡಿ. ಮೂರು ವರ್ಷದಲ್ಲಿ ಸಾವಿರಾರು ಪದಗಳ ಮೇಲೆ ಕಣ್ಣಾಡಿಸಿದ್ದೇನೆ. ಮಾತಿನಲ್ಲಿ ಬಳಸುವಂತೆ ಉಳಿದವು ಬೆರಳೆಣಿಕೆಯಷ್ಟು. ಬೆಳೆದದ್ದು ಕಾಗುಣಿತ. ಈಗ ಪದ ಕೇಳಿದೊಡನೆ ಅದರ ಅಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ, ಅದಕ್ಕೆ ನಾನು ಋಣಿ.

"ಅತ್ತೆ, ಇದು ಮೋಸ" ಎಂದು ಅಣ್ಣನ ಮಗಳು ಆರು ತಿಂಗಳು ತಕರಾರು ಮಾಡಿದಳು. ಕೊನೆಗೆ ನಾಲ್ಕನೆಯ ಸಾಲಿಗೆ ಮೊದಲು ತೆರೆಯಬಾರದು ಎಂದು ಒಪ್ಪಂದವಾಯಿತು. ಬಹುತೇಕ ಪಾಲಿಸಿದ್ದೇನೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಸುಮ್ಮನೆ ಐದಕ್ಷರ, ಮೊದಲೂ ಎ, ಕೊನೆಯೂ ಎ ಎಂದು ಕೇಳಿದೆ. ಅರೀನಾ, ಅರೋಮಾಗಳ ಜೊತೆ ಅರೆಕಾ ಬಂತು. ಅಡಕೆ! ಅರ್ಥ ಕೊಡುವ ಜಾಗದಲ್ಲಿ 'ಒಂದು ಬಗೆಯ ತಾಳೆ ಮರ' ಎಂದಷ್ಟೇ ಇತ್ತು. ಅಡಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿಗಳನ್ನು ಕಳೆದವಳಿಗೆ ಇದು ಸಾಲುವ ಅರ್ಥವೇ? ಮನೆಯ ದಪ್ಪ ನಿಘಂಟು ತೆಗೆದೆ. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಿಗೆ ಬಿದ್ದು ಅರೆಕಾ ಆಗಿ ಇಂಗ್ಲಿಷಿಗೆ ಹೋದದ್ದಂತೆ. ಅದೇ ದಾರಿಯಲ್ಲಿ ಹೋದವು ಬೀಟಲ್, ಅಂದರೆ ವೀಳ್ಯದೆಲೆ, ಮತ್ತು ಕೊಬ್ಬರಿಯ ಕೋಪ್ರಾ. ಮೂರಕ್ಕೂ ಐದೈದೇ ಅಕ್ಷರ. ನಮ್ಮ ಜಗಲಿಯ ಕವಳದ ತಟ್ಟೆ ಅರ್ಧಕ್ಕರ್ಧ ಅಲ್ಲಿತ್ತು.

ಅಂದಿನಿಂದ ಭಾನುವಾರಗಳಲ್ಲಿ ನನ್ನ ಮೊದಲ ಪದ ಅರೆಕಾ. ಎ ಎರಡು ಬಾರಿ ಬಂದು ಒಂದು ಮನೆ ವ್ಯರ್ಥವಾಗುತ್ತದೆ, ಸ್ಲೇಟ್ ಹಾಕಿ ಎಂದು ಕಾರವಾರದಿಂದ ಸಂದೇಶ ಬರುತ್ತದೆ. ಸ್ಲೇಟ್ ವಾರದ ಉಳಿದ ದಿನಗಳಿಗೆ.