ಸ್ಪಿಟ್‌ಫೈರ್ ಮಾಡೆಲ್: 1/72 ಒಳ್ಳೆಯದಾ, 1/48 ಒಳ್ಳೆಯದಾ?

ಸ್ಪಿಟ್‌ಫೈರ್ ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. 1/72 ಅಂದರೆ ಮಾಡೆಲ್‌ನ ಅಳತೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು, 1/48 ಅಂದರೆ 48ರಲ್ಲಿ ಒಂದು ಪಾಲು. ರೆಕ್ಕೆಯ ತುದಿಯಿಂದ ತುದಿಗೆ 1/72ರಲ್ಲಿ ಸುಮಾರು 15.6 ಸೆಂ.ಮೀ., 1/48ರಲ್ಲಿ 23.4 ಸೆಂ.ಮೀ. ಕಪಾಟಿನಲ್ಲಿ ಜಾಗ ಕಮ್ಮಿ, ಖರ್ಚೂ ಜಾಸ್ತಿ ಆಗಬಾರದು ಅಂದರೆ ಚಿಕ್ಕದೇ ಸರಿ.

ಕಾಕ್‌ಪಿಟ್ ವಿಷಯಕ್ಕೆ ಬಂದರೆ ದೊಡ್ಡದರ ಸುಖವೇ ಬೇರೆ. ಸೀಟಿನ ಬೆಲ್ಟು, ಡಯಲುಗಳು ಕಣ್ಣಿಗೂ ಕಾಣುತ್ತವೆ, ಕೈಗೂ ಸಿಗುತ್ತವೆ. 1/72ರಲ್ಲಿ ಚಿಮಟದಿಂದ ಜಾರಿದ ಚೂರನ್ನು ನೆಲದಲ್ಲಿ ಹುಡುಕೋದೇ ಒಂದು ಕೆಲಸ. ಕ್ಯಾನಪಿಯ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಸಣ್ಣ ಚೌಕಟ್ಟಿಗೆ ಬಣ್ಣ ಬಳಿಯುವಾಗ ಗಾಜಿನ ಭಾಗಕ್ಕೆ ತಾಗದಂತೆ ಟೇಪ್ ಅಂಟಿಸುವುದಕ್ಕೂ ತಾಳ್ಮೆ ಬೇಕು. ಕಣ್ಣು ಸ್ವಲ್ಪ ಮಂಜಾಗಿದ್ದರೆ ಸುಮ್ನೆ 1/48 ತಗೊಳ್ಳಿ.

ಬ್ರಷ್‌ನಲ್ಲೇ ಬಳಿಯುವವರಿಗೆ ಚಿಕ್ಕದು ಅನುಕೂಲ. 1940ರ ಕಂದು-ಹಸಿರು ಬಣ್ಣಕ್ಕೆ ಅಕ್ರಿಲಿಕ್ ತೆಳ್ಳಗೆ ಮಾಡಿ, ಪ್ರತಿ ಕೋಟ್ ಒಣಗಲು ಬಿಟ್ಟು, ಎರಡು ಮೂರು ಕೋಟ್ ಕೊಡಿ. ದೊಡ್ಡ ರೆಕ್ಕೆಯ ಮೇಲೆ ಬ್ರಷ್ ಗುರುತು ಬೇಗ ಎದ್ದು ಕಾಣುತ್ತದೆ. ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದವರಿಗೆ ಆ ಚಿಂತೆಯಿಲ್ಲ.