ಚೈನ್‌ಸಾ ಕ್ಲಚ್ ಸ್ಪ್ರಿಂಗ್: ಕಂಪನಿಯದ್ದಾ, ಎಸ್‌ಪಿ ರೋಡಿನದ್ದಾ, ಪೀಣ್ಯದಲ್ಲಿ ಸುತ್ತಿಸಿದ್ದಾ?

ಏಪ್ರಿಲ್-ಮೇ ತಿಂಗಳ ಗಾಳಿಮಳೆ ಬಂತೆಂದರೆ ಬೆಂಗಳೂರಿನಲ್ಲಿ ಗುಲ್‌ಮೊಹರ್ ಕೊಂಬೆಗಳು ರಸ್ತೆಗೆ ಬೀಳುತ್ತವೆ, ಮರ ಕೊಯ್ಯುವ ಮೆಷಿನ್‌ಗಳು ಹೊರಗೆ ಬರುತ್ತವೆ. ನನ್ನ ಹತ್ತಿರ ಎರಡಿವೆ. ಒಂದು ಚಿಕ್ಕದು, ಹೆಸರಿರುವ ಕಂಪನಿಯದ್ದು. ಇನ್ನೊಂದು 58 ಸಿಸಿ ಚೀನಾ ಮೆಷಿನ್. ಎರಡಕ್ಕೂ ಒಂದೇ ಕಾಯಿಲೆ ಬಂತು. ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನ್ ನಿಧಾನವಾಗಿ ತಿರುಗುತ್ತಿತ್ತು.

ಹೀಗಾದ ತಕ್ಷಣ ಸ್ಪ್ರಿಂಗ್ ಕೊಳ್ಳಲು ಓಡಬೇಡಿ. ಮೊದಲು ಐಡಲ್ ಸ್ಕ್ರೂ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ ಹೊಂದಿಸುವ ಸ್ಕ್ರೂ, ಸ್ವಲ್ಪ ಇಳಿಸಿ ನೋಡಿ. ಸಾಮಾನ್ಯವಾಗಿ ಐಡಲ್ ನಿಮಿಷಕ್ಕೆ 2700-2800 ಸುತ್ತಿನ ಆಸುಪಾಸು ಇರುತ್ತದೆ. ಅದನ್ನು ಇಳಿಸಿದರೆ ಚೈನ್ ನಿಲ್ಲುವ ಮೊದಲೇ ಇಂಜಿನ್ ಆಫ್ ಆಗುತ್ತದೆ ಅಂದರೆ ಕ್ಲಚ್ ಬಿಚ್ಚಿ ನೋಡಬೇಕು. ಚೈನ್ ಓಡಿಸುವ ಕ್ಲಚ್ ಡ್ರಮ್ ಒಳಗಿನ ನೀಡಲ್ ಬೇರಿಂಗ್ ಒಣಗಿ ಹಿಡಿದುಕೊಂಡರೂ ಚೈನ್ ತಿರುಗುತ್ತದೆ. ಅದಕ್ಕೆ ಚೂರು ಗ್ರೀಸ್ ಸಾಕು, ಸ್ಪ್ರಿಂಗಿನ ದುಡ್ಡು ಉಳಿಯಿತು.

ಕ್ಲಚ್ ಕೆಲಸ ಸರಳ. ಇಂಜಿನ್ ಜೋರಾದಾಗ ಶೂ ಅನ್ನುವ ಲೋಹದ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ನಿಧಾನವಾದಾಗ ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಶೂಗಳನ್ನು ಹೊರಗೆ ತಳ್ಳುವ ಬಲ ಮಾತ್ರ ವೇಗದ ಲೆಕ್ಕದಲ್ಲಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ: ಸ್ಪ್ರಿಂಗಿನ ಎಳೆತ ಶೇ. 20 ಕಡಿಮೆಯಾದರೆ, 3600 ಸುತ್ತಿಗೆ ಹಿಡಿಯಬೇಕಾದ ಕ್ಲಚ್ 3200ಕ್ಕೇ ಹಿಡಿಯುತ್ತದೆ. ಐಡಲ್ ಚೂರು ಏರಿದರೂ ಚೈನ್ ಹೊರಟಿತು ಅಂತ ಅರ್ಥ. ಸ್ಪ್ರಿಂಗ್ ತೀರಾ ಗಟ್ಟಿಯಾದರೂ ಕಷ್ಟವೇ. ಕ್ಲಚ್ ತಡವಾಗಿ ಹಿಡಿಯುತ್ತದೆ, ಜಾರುತ್ತದೆ, ಬಿಸಿಯಾಗುತ್ತದೆ.

ಬಿಚ್ಚುವ ವಿಷಯಕ್ಕೆ ಬಂದರೆ, ಕ್ಲಚ್‌ಗೆ ಇರುವುದು ಉಲ್ಟಾ ತ್ರೆಡ್. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಸಡಿಲವಾಗುತ್ತದೆ. ಎಷ್ಟೋ ಕ್ಲಚ್‌ಗಳ ಮೇಲೆ ಬಾಣದ ಗುರುತೂ ಇರುತ್ತದೆ. ಪಿಸ್ಟನ್ ತಡೆಯಲು ಪ್ಲಗ್ ತೂತಿನಲ್ಲಿ ಮೆತ್ತಗಿನ ಹಗ್ಗ ತುರುಕಿ. ಪಿಸ್ಟನ್ ಮೇಲೇರಿ ಸೈಲೆನ್ಸರ್ ಕಡೆಯ ಕಿಂಡಿ ಮುಚ್ಚಿಕೊಂಡ ಮೇಲೆ ತುರುಕಬೇಕು, ಇಲ್ಲವಾದರೆ ಹಗ್ಗ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಅಂತೂ ಬೇಡವೇ ಬೇಡ.

ಈಗ ಸ್ಪ್ರಿಂಗ್‌ಗಳಿಗೆ ಬರೋಣ.

ಕಂಪನಿ ಸ್ಪ್ರಿಂಗ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಡೀಲರ್ ಬಳಿ ಮಾಡೆಲ್ ನಂಬರ್ ಹೇಳಿದೆ, ಆರ್ಡರ್ ಹಾಕಿಸಿದರು, ಕಾದೆ, ಬಂತು. ಹಾಕಿದ ಮೇಲೆ ಐಡಲ್‌ನಲ್ಲಿ ಚೈನ್ ಅಲ್ಲಾಡಲಿಲ್ಲ. ಬೆಲೆ ನೋಡಿ ಇಷ್ಟು ತಂತಿಗೆ ಇಷ್ಟಾ ಅನ್ನಿಸುವುದು ನಿಜ. ಚಿಕ್ಕ ಮೆಷಿನ್‌ಗೆ ಈಗಲೂ ಇದನ್ನೇ ಹಾಕುತ್ತೇನೆ, ಅದರಲ್ಲಿ ಎರಡನೇ ಮಾತಿಲ್ಲ.

ಎಸ್‌ಪಿ ರೋಡಿನ ಕಥೆ ಬೇರೆ. ಬೆಂಗಳೂರಿನ ಈ ಬಿಡಿಭಾಗಗಳ ಪೇಟೆಯ ಒಂದು ಅಂಗಡಿಯಲ್ಲಿ 58 ಸಿಸಿ ಅಂದ ಕೂಡಲೇ ಸಣ್ಣ ಪ್ಯಾಕೆಟ್ ಎಸೆದರು. 'ಎಲ್ಲಾದಕ್ಕೂ ಇದೇ ಆಗತ್ತೆ ಸಾರ್' ಅಂದರು. ಆಗುವುದೇನೋ ಆಯಿತು, ಕೂತುಕೊಂಡಿತು. ಆದರೆ ಒಂದೇ ಪ್ಯಾಕೆಟ್ಟಿನ ಸ್ಪ್ರಿಂಗ್‌ಗಳು ಒಂದಕ್ಕೊಂದು ಹೋಲುತ್ತಿರಲಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ಪ್ರಿಂಗನ್ನು ಗಟ್ಟಿ ಮೊಳೆಗೆ ಸಿಕ್ಕಿಸಿ, ಕೆಳಗೆ ಬಕೆಟ್ ನೇತುಹಾಕಿ, ನೀರು ಸುರಿಯುತ್ತಾ ಹೋಗಿ. ಸುರುಳಿಗಳು ಒಂದನ್ನೊಂದು ಬಿಟ್ಟು ಬೆಳಕು ಕಾಣುವ ಹೊತ್ತಿಗೆ ನೀರು ಎಲ್ಲಿದೆ ಅಂತ ಗುರುತು ಮಾಡಿ. ಎಲ್ಲ ಸ್ಪ್ರಿಂಗ್‌ಗಳ ಗುರುತೂ ಹತ್ತಿರ ಹತ್ತಿರ ಇರಬೇಕು. ನನ್ನ ಪ್ಯಾಕೆಟ್ಟಿನಲ್ಲಿ ಒಂದಂತೂ ಅರ್ಧ ದಾರಿಯಲ್ಲೇ ಬಾಯಿ ಬಿಟ್ಟಿತು. ಹಾಗಾದರೆ ಒಂದು ಶೂ ಮೊದಲು ಹೊರಬರುತ್ತದೆ, ಉಳಿದವು ಆಮೇಲೆ. ಮೆಷಿನ್ ಕೈಯಲ್ಲಿ ನಡುಗುತ್ತದೆ, ಆ ಶೂ ಬೇಗ ಸವೆಯುತ್ತದೆ. ಒಂದು ಮುರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಅನ್ನುವುದು ಇದಕ್ಕೇ. ಎರಡು ಪ್ಯಾಕೆಟ್ ಕೊಂಡು ಹೊಂದುವಂಥವನ್ನು ಆರಿಸಿಕೊಂಡರೆ ಲೋಕಲ್ ಸ್ಪ್ರಿಂಗೂ ನಡೆಯುತ್ತದೆ. ತರಕಾರಿ ಆರಿಸಿದ ಹಾಗೆ, ತಾಳ್ಮೆ ಬೇಕು ಅಷ್ಟೆ.

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸುತ್ತಿಸಿದ್ದು ನನಗೆ ಖುಷಿ ಕೊಟ್ಟ ಪ್ರಯೋಗ. ಅಲ್ಲಿ ಸ್ಪ್ರಿಂಗ್ ಮಾಡುವವರಿಗೆ ಬರ ಇಲ್ಲ, ಆದರೆ ಕೈ ತುಂಬ ಆರ್ಡರ್ ಇದ್ದರೇ ಅವರು ಮಾತಾಡಿಸುವುದು. 'ಮೂರ್ನಾಲ್ಕು ಪೀಸಿಗೆ ಯಾರು ಮೆಷಿನ್ ಸೆಟ್ ಮಾಡ್ತಾರೆ ಸಾರ್' ಅಂತ ನಕ್ಕವರೇ ಜಾಸ್ತಿ. ಕೊನೆಗೆ ಒಬ್ಬ ಹಿರಿಯರು, ಹಳೆಯ ಸ್ಪ್ರಿಂಗನ್ನು ವರ್ನಿಯರ್‌ನಲ್ಲಿ ಅಳೆದು, 'ಯಾವ ತಂತಿಯಲ್ಲಿ ಬೇಕು?' ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಮ್ಯೂಸಿಕ್ ವೈರ್ ಅನ್ನುವ ಮಾಮೂಲಿ ಉಕ್ಕಿನ ಸ್ಪ್ರಿಂಗ್ ತಂತಿ ಎಳೆತಕ್ಕೆ ಚೆನ್ನ, ಆದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಧಾನಕ್ಕೆ ಬಿಗಿ ಕಳೆದುಕೊಳ್ಳುತ್ತದೆ. 302 ದರ್ಜೆಯ ಸ್ಟೇನ್‌ಲೆಸ್ ತಂತಿ 260ರವರೆಗೂ ತಡೆಯುತ್ತದೆ. ಆದರೆ ಅದೇ ಅಳತೆಯಲ್ಲಿ ಸುತ್ತಿದರೆ ಶೇ. 12ರಷ್ಟು ಮೆತ್ತಗಿರುತ್ತದೆ. ನಾನು ಎರಡನ್ನೂ ಸುತ್ತಿಸಿದೆ. ಮ್ಯೂಸಿಕ್ ವೈರಿನದ್ದು ಮೊದಲು ಗಟ್ಟಿಯಾಗಿ ಕೆಲಸ ಮಾಡಿತು, ದಪ್ಪ ನೀಲಗಿರಿ ದಿಮ್ಮಿ ಕೊಯ್ಯಲು ಶುರು ಮಾಡಿದ ಮೇಲೆ ಸಡಿಲಾಯಿತು. ಸ್ಟೇನ್‌ಲೆಸ್ಸಿಗೆ ಆ ಮೆತ್ತಗಿನದು ಸರಿದೂಗಲಿ ಅಂತ ಒಂದು ಸುತ್ತು ಕಡಿಮೆ ಮಾಡಿಸಿದ್ದೆ, ಅದು ನಿಂತಿತು. ಓಡಾಟದ ಪೆಟ್ರೋಲ್ ಸೇರಿಸಿದರೆ ಕಂಪನಿ ಸ್ಪ್ರಿಂಗೇ ಅಗ್ಗ, ಬಿಡಿ. ಸ್ಪೇರ್ ಸಿಗದೇ ಹೋದ ಹಳೆಯ ಮೆಷಿನ್ ಇದ್ದವರಿಗೆ ಮಾತ್ರ ಈ ದಾರಿ.

ಯಾವ ಸ್ಪ್ರಿಂಗ್ ಹಾಕಿದರೂ ಅದನ್ನು ಕೊಲ್ಲುವುದು ಬಿಸಿಯೇ. ಮೊಂಡ ಚೈನ್ ಒತ್ತಿ ಒತ್ತಿ ಕೊಯ್ದರೆ, ಕೊಂಬೆಯಲ್ಲಿ ಸಿಕ್ಕಿಕೊಂಡಾಗಲೂ ಆಕ್ಸಿಲರೇಟರ್ ಹಿಡಿದೇ ಇದ್ದರೆ, ಕ್ಲಚ್ ಜಾರಿ ಕಾಯುತ್ತದೆ. ಸ್ಟಾರ್ಟ್ ಮಾಡುವಾಗ ಚೈನ್ ಬ್ರೇಕ್ ಹಾಕಿರಲೇಬೇಕು, ಆದರೆ ಬ್ರೇಕ್ ಹಾಕಿಕೊಂಡು ಇಂಜಿನ್ ರೇಸ್ ಮಾಡುವುದು ಬೇಡ. ಡ್ರಮ್ ನೀಲಿ ತಿರುಗಿದೆ ಅಂದರೆ 300 ಡಿಗ್ರಿ ಹತ್ತಿರ ಕಾದಿದೆ ಅಂತ ಲೆಕ್ಕ. ಅಂಥ ಕ್ಲಚ್‌ಗೆ ಬರೀ ಸ್ಪ್ರಿಂಗ್ ಬದಲಿಸುವುದು ದಂಡ.

ನನ್ನ ಚೀನಾ ಮೆಷಿನ್ ಕೊನೆಗೆ ಆ ಸ್ಥಿತಿಗೇ ಬಂತು. ಶೂ, ಸ್ಪ್ರಿಂಗ್, ಡ್ರಮ್ ಎಲ್ಲ ಸೇರಿದ ಪೂರ್ತಿ ಸೆಟ್ ಹಾಕಿಸಿದೆ. 58 ಸಿಸಿಗೆ ಈ ಸೆಟ್ ಸುಲಭವಾಗಿ ಸಿಗುತ್ತದೆ, ಬೆಲೆಯೂ ಹೊರೆ ಅಲ್ಲ. ಮೊದಲೇ ಸವೆದ ಶೂಗೆ ಹೊಸ ಸ್ಪ್ರಿಂಗ್ ಹಾಕಿ ಪರದಾಡುವುದಕ್ಕಿಂತ ಇದೇ ವಾಸಿ ಅನ್ನುವುದು ನನ್ನ ತೀರ್ಮಾನ. ಕೊಳ್ಳುವಾಗ ಹಳೆಯ ಡ್ರಮ್ ಜೇಬಿನಲ್ಲಿರಲಿ. ಹಲ್ಲು ಎಣಿಸಿ, ಚೈನಿನ ಪಿಚ್ (ಕೊಂಡಿಯ ಮೊಳೆಗಳ ನಡುವಿನ ಸರಾಸರಿ ಅಂತರ) .325 ಇಂಚಿನದೋ 3/8 ಇಂಚಿನದೋ ನೋಡಿ. ಪಿಚ್ ತಪ್ಪಿದರೆ ಚೈನ್ ಸರಿಯಾಗಿ ಕೂರುವುದಿಲ್ಲ, ಕೂತಂತೆ ಕಂಡರೂ ಎಗರುತ್ತದೆ. ಹೊಸ ಸೆಟ್ ಕೂರಿಸುವ ಮುಂಚೆ ಬೇರಿಂಗ್‌ಗೆ ಗ್ರೀಸ್ ಹಚ್ಚಿ. ಡ್ರಮ್ಮಿನ ಒಳಮೈಗೆ ಮಾತ್ರ ಗ್ರೀಸ್ ತಾಗದಂತೆ ಬಟ್ಟೆಯಲ್ಲಿ ಒರೆಸಿಬಿಡಿ.